ಅಪ್ಪನಿಗೆ ಮೊದಲು ಓದಿದ ಸುದ್ದಿ

ಬೀದಿಯವರೆಲ್ಲ ಅವಳನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಅವಳು ಡಾಕ್ಟರಲ್ಲ; ಇಂಜೆಕ್ಷನ್ ಸೂಜಿ ಕಂಡರೆ ಮುಖ ಅತ್ತ ತಿರುಗಿಸುವ ಪೈಕಿ. ಊರಿನ ಸಣ್ಣ ರೇಡಿಯೋ ಕೇಂದ್ರದಲ್ಲಿ ಸಂಜೆ ಹೊತ್ತು ಆರೋಗ್ಯ ಮತ್ತು ವಿಜ್ಞಾನದ ಸುದ್ದಿ ಹೇಳುವುದು ಅವಳ ಕೆಲಸ. ಎಲ್ಲೋ ದೂರದ ಪ್ರಯೋಗಾಲಯದಲ್ಲಿ ಯಾರೋ ಕಂಡುಹಿಡಿದದ್ದನ್ನು ಇಲ್ಲಿ ಪಾತ್ರೆ ತೊಳೆಯುತ್ತಾ ಕೇಳುವವರಿಗೂ ತಿಳಿಯುವಂತೆ ಹೇಳಬೇಕು. ಹೇಳುವುದಕ್ಕೆ ಸುಲಭ, ಮಾಡಿ ನೋಡಿದವರಿಗೇ ಗೊತ್ತು ಅದರ ಪಾಡು.

ಬರೆದದ್ದನ್ನು ಅವಳು ಮೊದಲು ಓದಿ ತೋರಿಸುತ್ತಿದ್ದದ್ದು ಅಪ್ಪನಿಗೆ. ಅಪ್ಪ ಮೀಸೆ ಮೂಡುವ ಮೊದಲೇ ಮರ ಕೊಯ್ಯುವ ಮಿಲ್ಲಿಗೆ ಸೇರಿ, ಮೀಸೆ ನರೆತ ಮೇಲೆ ಅಲ್ಲಿಂದ ಹೊರಬಂದವನು. ಮೂಗಿನ ತುದಿಯಲ್ಲೇ ಕೋಪ. ಬೆಳಿಗ್ಗೆ ಅಡುಗೆಮನೆಯ ಮೇಜಿನ ಹತ್ತಿರ ಒಂದು ಸ್ಟೂಲಿನಲ್ಲಿ ಅವನು, ಇನ್ನೊಂದರಲ್ಲಿ ಅವಳು, ನಡುವೆ ಎರಡು ಲೋಟ ಚಹಾ. ಅವಳು ಓದುವುದು, ಅವನು ಮುಖ ಸಿಂಡರಿಸುವುದು.

"ತಿಳೀಲಿಲ್ಲ."

"ಏನು ತಿಳೀಲಿಲ್ಲ?"

"ತಿಳೀದೆ ಇದ್ದದ್ದು ಏನು ಅಂತ ತಿಳಿದಿದ್ರೆ ತಿಳೀಲಿಲ್ಲ ಅಂತ ಯಾಕೆ ಅಂತಿದ್ದೆ? ಮತ್ತೆ ಓದು."

ಒಮ್ಮೆ ಅವಳು ಜಂಬದಿಂದ ಓದಿದ್ದಳು: ಈ ಅಭ್ಯಾಸ ಇರುವವರಲ್ಲಿ ರೋಗದ ಸಂಭವ ಶೇಕಡಾ ಇಪ್ಪತ್ತರಷ್ಟು ಹೆಚ್ಚು. ಅಪ್ಪ ಚಹಾ ಲೋಟ ಕೆಳಗಿಟ್ಟು, "ಹಂಗಾದ್ರೆ ನೂರರಲ್ಲಿ ಇಪ್ಪತ್ತು ಜನಕ್ಕೆ ಬರುತ್ತಾ? ದೇವರೇ!" ಎಂದು ಹೌಹಾರಿದ. ಅಷ್ಟಲ್ಲ ಅಪ್ಪಾ, ನೂರರಲ್ಲಿ ಐದು ಜನಕ್ಕೆ ಬರ್ತಿದ್ದದ್ದು ಈಗ ಆರು ಜನಕ್ಕೆ ಬರುತ್ತೆ ಎಂದು ಅವಳು ಬಿಡಿಸಿ ಹೇಳಿದಳು. "ಅದನ್ನೇ ಮೊದಲು ಬೊಗಳಬಾರದಾ? ಸುಮ್ನೆ ಹೆದರಿಸಿಬಿಟ್ಟೆ," ಎಂದು ಅವನು ಉಳಿದ ಚಹಾ ಕುಡಿದ. ಆ ಸಂಜೆ ಐದು, ಆರು ಎಂದೇ ರೇಡಿಯೋದಲ್ಲಿ ಬಂತು. ಹೀಗೆ ಅಪ್ಪನ ಬೈಗುಳದಲ್ಲಿ ಮಿಂದು ಬಂದ ಸುದ್ದಿ ಜನರ ಮನಸ್ಸಿಗೆ ನೇರ ನಾಟುತ್ತಿತ್ತು. ತರಕಾರಿ ಅಂಗಡಿಯಲ್ಲಿ ನಿಂತರೆ ಸಾಕು, ನಿನ್ನೆ ಹೇಳಿದ್ರಲ್ಲ ಅದು ನಮ್ಮತ್ತೆಗೂ ಇದೆ ನೋಡಿ ಎಂದು ನಾಲ್ಕು ಜನ ಮುತ್ತಿಕೊಳ್ಳುತ್ತಿದ್ದರು.

ಆಮೇಲೆ ಯಾವಾಗಲೋ ಅಪ್ಪ ಮೆತ್ತಗಾದ. ಅವಳು ಓದಿ ತಲೆಯೆತ್ತಿದರೆ, "ಚೆನ್ನಾಗಿದೆ," ಎನ್ನುತ್ತಿದ್ದ. ಮಾರನೆಯ ದಿನವೂ ಅದೇ. ಅವಳಿಗೆ ಹಿಗ್ಗೋ ಹಿಗ್ಗು. ಅಂತೂ ಕೆಲಸ ಕೈಗೆ ಹತ್ತಿತು, ಅಪ್ಪನಿಂದಲೇ ಸೈ ಎನ್ನಿಸಿಕೊಂಡೆ ಎಂದುಕೊಂಡಳು. ಮುಗಿದ ಮೇಲೂ ಅವನು, "ಇನ್ನೊಂದ್ಸಲ ಓದು ಮಗಾ," ಎಂದು ಕೂರಿಸಿಕೊಳ್ಳುತ್ತಿದ್ದ. ಅಷ್ಟು ಇಷ್ಟವಾಯಿತೇ ಎಂದು ಅವಳು ಇನ್ನಷ್ಟು ಉಬ್ಬಿ ಮತ್ತೆ ಓದುತ್ತಿದ್ದಳು.

"ಮಾವ ಟಿವಿ ಏನು ಜೋರು ಇಡ್ತಾರೆ ಮಾರಾಯ್ತಿ, ಪಕ್ಕದ ಮನೆಯವರು ನಮ್ಮದೇ ಕೇಳಿಸುತ್ತೆ ಅಂತ ತಮ್ಮ ಕೇಬಲ್ಲೇ ತೆಗೆಸಿಬಿಟ್ರಂತೆ," ಎಂದು ಗಂಡ ಒಂದೆರಡು ಸಲ ಹೇಳಿದ್ದ. ಮಿಲ್ಲಿನವರೆಲ್ಲ ಹಾಗೇ, ಮಾತೂ ಜೋರು, ಟಿವಿಯೂ ಜೋರು ಎಂದು ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ದಿನ ಕೇಂದ್ರದ ಮುಖ್ಯಸ್ಥರು ಅವಳನ್ನು ಕರೆದು ಕೂರಿಸಿ, ಕೇಳುಗರು ಫೋನಿನಲ್ಲಿ ಹೇಳಿ ರೆಕಾರ್ಡ್ ಆಗಿದ್ದ ಮಾತುಗಳನ್ನು ಹಾಕಿ ಕೇಳಿಸಿದರು. ಅದರಲ್ಲಿ ಒಬ್ಬ ಟೈಲರಮ್ಮನ ದನಿ: "ಮೊದಲೆಲ್ಲ ನೀವು ನಮ್ಮನೆ ಹೊಸ್ತಿಲ ಮೇಲೆ ಕೂತು ಹೇಳ್ದಂಗೆ ಇರ್ತಿತ್ತಮ್ಮ. ಈಗ ಒಂದೂ ತಲೆಗೆ ಹೋಗಲ್ಲ. ನಮ್ಮಂಥವರಿಗೆ ಹೇಳೋದು ಬಿಟ್ಬಿಟ್ರಾ?" ಇನ್ನೊಬ್ಬರು ನಯವಾಗಿ, ಕಬ್ಬಿಣದ ಕಡಲೆ ಎಂದಿದ್ದರು. ಮತ್ತೊಬ್ಬರು ನಯದ ಗೋಜಿಗೇ ಹೋಗಿರಲಿಲ್ಲ.

"ಅದು ಹೇಗೆ ಸಾರ್? ನಮ್ಮಪ್ಪಂಗೆ ಅರ್ಥವಾಗುತ್ತೆ. ದಿನಾ ಓದಿ ತೋರಿಸ್ತೀನಿ," ಎಂದು ಅವಳು ರೇಗಿದಳು.

"ನಿಮ್ಮಪ್ಪನ್ನ ಕೇಳಿ ನೋಡಮ್ಮ, ನಿನ್ನೆ ಏನು ಓದ್ದೆ ಅಂತ," ಎಂದರು ಅವರು.

ಅವಳು ಕೇಳಲಿಲ್ಲ. ಬದಲಿಗೆ ಮರುದಿನ ಬೆಳಿಗ್ಗೆ ಮೂತ್ರಪಿಂಡದ ಸುದ್ದಿ ಓದುತ್ತಾ ಓದುತ್ತಾ, ದನಿ ಏರಿಸದೆ, ಮುಖ ಹಾಳೆಯಿಂದ ಎತ್ತದೆ ಹೀಗೆ ಸೇರಿಸಿದಳು: "ಕಿಡ್ನಿ ಇರುವುದು ಮೊಣಕಾಲಿನಲ್ಲಿ. ವಾರಕ್ಕೊಮ್ಮೆ ಅದನ್ನು ಹೊರಗೆ ತೆಗೆದು, ಬಣ್ಣ ಬಳಿದು, ಬಿಸಿಲಿಗೆ ಒಣಗಿಸಬೇಕು."

ಅಪ್ಪ ತಲೆದೂಗಿದ. "ಚೆನ್ನಾಗಿದೆ," ಎಂದ. "ಇನ್ನೊಂದ್ಸಲ ಓದು ಮಗಾ."

ನಗು ಬರಬೇಕಿತ್ತು. ಬರಲಿಲ್ಲ. ಅವಳು ಹಾಳೆ ಕೆಳಗಿಟ್ಟಳು. ಕೆಲವು ತಿಂಗಳ ಹಿಂದೆ ಕಿವುಡಿನ ಬಗ್ಗೆಯೇ ಒಂದು ಸುದ್ದಿ ಮಾಡಿದ್ದಳು. ಗದ್ದಲದಲ್ಲಿ ದುಡಿದವರಿಗೆ ಕಿವಿ ನಿಧಾನವಾಗಿ ಮಂದವಾಗುತ್ತದೆ, ಹೆಂಗಸರ ಮಕ್ಕಳ ಸಣ್ಣ ದನಿಯೇ ಮೊದಲು ಕೈಬಿಡುತ್ತದೆ, ಟಿವಿ ಜೋರಾಗುತ್ತದೆ, ಎಲ್ಲದಕ್ಕೂ ಹೂಂಗುಟ್ಟುವುದು ಶುರುವಾಗುತ್ತದೆ. ಮನೆಯವರೇ ಗಮನಿಸಬೇಕು ಎಂದು ಊರಿಗೆಲ್ಲ ಬುದ್ಧಿ ಹೇಳಿದ್ದಳು. ಅದನ್ನೂ ಈ ಮೇಜಿನ ಹತ್ತಿರವೇ ಅಪ್ಪನಿಗೆ ಓದಿ ತೋರಿಸಿದ್ದಳು. ಅದೂ ಚೆನ್ನಾಗಿತ್ತು.

"ಅಪ್ಪಾ, ನಿಂಗೆ ಕೇಳಿಸ್ತಾನೇ ಇಲ್ವಾ?" ಎಂದು ಎದುರಿಗೆ ಬಗ್ಗಿ ಕೂಗಿದಳು.

ಅಪ್ಪ ಸಿಕ್ಕಿಬಿದ್ದ ಕಳ್ಳನಂತೆ ಅವಳನ್ನೇ ನೋಡಿದ. "ನೀನು ಬಾಯೊಳಗೇ ಗೊಣಗಿದ್ರೆ ಯಾರಿಗೆ ಕೇಳಿಸುತ್ತೆ?" ಎಂದು ಗದರಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಕಿವಿಯ ಡಾಕ್ಟರ ಹತ್ತಿರ ಅವನನ್ನು ಕರೆದೊಯ್ಯುವುದಕ್ಕೆ ಅಳಿಯನ ಉಪಾಯ, ಮಗಳ ಕಣ್ಣೀರು ಎರಡೂ ಬೇಕಾದವು. ಬಹಳ ತಡವಾಯಿತು ಎಂದರು ಡಾಕ್ಟರು. ಯಂತ್ರ ಹಾಕಿದರೆ ಸದ್ದು ಕೇಳಿಸುತ್ತದೆ, ಮಾತು ಮಾತಾಗಿ ಕೇಳಿಸಲು ಅಭ್ಯಾಸ ಬೇಕು, ಹಳೆಯ ಕಿವಿ ಮಾತ್ರ ಮರಳಿ ಬರುವುದಿಲ್ಲ ಎಂದರು. ಯಂತ್ರ ಹಾಕಿಸಿದ ಮೇಲೆ ಅವರು ಹೇಳಿದ್ದು ನಿಜವಾಯಿತು. ತಟ್ಟೆ ಬಿದ್ದರೆ ಅಪ್ಪ ಬೆಚ್ಚಿ ಬೀಳುತ್ತಿದ್ದ, ಫ್ಯಾನಿನ ಗರಗರಕ್ಕೆ ಹಲ್ಲು ಕಡಿಯುತ್ತಿದ್ದ, ಮಗಳ ಮಾತು ಮಾತ್ರ ಚೂರುಚೂರಾಗಿ ಬರುತ್ತಿತ್ತು. ಅದನ್ನು ಜೋಡಿಸಲು ಅವನು ಹಣೆ ಗಂಟಿಕ್ಕುವುದನ್ನು ನೋಡಲು ಅವಳಿಂದ ಆಗಲಿಲ್ಲ.

ಅವಳು ಓದುವುದನ್ನು ನಿಲ್ಲಿಸಿದಳು. ಪಾಪ, ಮುದುಕನಿಗೆ ಯಾಕೆ ಹಿಂಸೆ ಎಂದುಕೊಂಡಳು. ದೂರು ಹೇಳಿದ ಟೈಲರಮ್ಮನನ್ನೇ ಹುಡುಕಿ, ಕೇಂದ್ರಕ್ಕೆ ಬೇಗ ಹೋಗಿ ಅಲ್ಲಿಂದ ಫೋನಿನಲ್ಲಿ ಓದತೊಡಗಿದಳು. ಟೈಲರಮ್ಮ ಒಳ್ಳೆಯವಳು. "ಅಲ್ಲೊಂಚೂರು ಗೋಜಲಾಯ್ತು ಮೇಡಂ, ಬೇಜಾರು ಮಾಡ್ಕೋಬೇಡಿ," ಎನ್ನುತ್ತಿದ್ದಳು. ಕಾರ್ಯಕ್ರಮ ಮತ್ತೆ ದಾರಿಗೆ ಬಂತು, ಮುಖ್ಯಸ್ಥರ ಮುಖ ಅರಳಿತು. ಆದರೆ ಅವಳಿಗೆ ಆ ನಯ ಬೇಕಿರಲಿಲ್ಲ. ಒಂದು ಸಾಲು ಓದಿ ಮುಗಿಸುವ ಮೊದಲೇ ಅಪ್ಪ ಮುಖ ಸಿಂಡರಿಸಬೇಕಿತ್ತು, ಅವನು ಲೋಟ ಕುಕ್ಕಿ ಬೈಯಬೇಕಿತ್ತು. ಲಿಫ್ಟಿನಲ್ಲಿ, ಮೈಕಿನ ಮುಂದೆ, ಸಂಜೆ ಬಸ್ಸಿನಲ್ಲಿ ಸರಳಿಗೆ ಜೋತುಬಿದ್ದಾಗ ಕೂಡ ಅವಳಿಗೆ ಆ ಬೈಗುಳಕ್ಕಾಗಿ ಜೀವ ಹಂಬಲಿಸುತ್ತಿತ್ತು. ಮನೆಯಲ್ಲೇ ಇರುವ ಅಪ್ಪನಿಗಾಗಿ ಯಾರಾದರೂ ಹೀಗೆ ಹಲುಬುತ್ತಾರೆಯೇ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಅಪ್ಪ ಅತ್ತ ದಿನಾ ಬೆಳಿಗ್ಗೆ ಯಂತ್ರ ಕಿವಿಗೇರಿಸಿ, ತಲೆ ಬಾಚಿ, ಮೇಜಿನ ಹತ್ತಿರ ಬಂದು ಕೂರುತ್ತಿದ್ದ. ಅವಳು ಚಹಾ ಇಟ್ಟು, ಹೊತ್ತಾಯಿತು ಎಂದು ಕೈಸನ್ನೆ ಮಾಡಿ, ಅರ್ಧ ಓಡುತ್ತಲೇ ಹೊರಡುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ.

ಒಂದು ಬೆಳಿಗ್ಗೆ ಹಾಗೆ ಹೊರಟವಳ ಚೀಲವನ್ನು ಹಿಂದಿನಿಂದ ಹಿಡಿದುಕೊಂಡ.

"ಕೋಪ ಬಂತೇನೇ, ಸುಳ್ಳು ಹೇಳ್ದೆ ಅಂತ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಯಾಕೆ ಕೂರಲ್ಲ?" ಅಪ್ಪನಿಗೆ ತನ್ನ ದನಿ ಎಷ್ಟು ಜೋರು ಎಂಬ ಅಂದಾಜಿರಲಿಲ್ಲ, ಪಕ್ಕದ ಮನೆಗೂ ಕೇಳಿಸಿರಬೇಕು. "ಕೇಳಿಸಲ್ಲ ಅಂತ ಗೊತ್ತಾದ್ರೆ ನೀನು ಬೇರೆ ಯಾರಿಗಾದ್ರೂ ಓದ್ತೀಯ ಅಂತ ನಂಗೆ ಗೊತ್ತಿತ್ತು ಕಣೇ. ಅದಕ್ಕೇ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ದೆ. ಮಿಲ್ಲಲ್ಲಿ ದುಡಿಯೋವಾಗ ನೀನು ಎದ್ದೇಳೋ ಹೊತ್ತಿಗೆ ನಾನು ಮನೇಲಿ ಇರ್ತಿರಲಿಲ್ಲ, ನಾನು ಬರೋ ಹೊತ್ತಿಗೆ ನೀನು ಮಲಗಿರ್ತಿದ್ದೆ. ನೀನು ನನ್ನೆದುರಿಗೆ ಕೂತದ್ದೇ ಈ ಸುದ್ದಿ ಓದೋಕೆ ಶುರು ಮಾಡಿದ ಮೇಲೆ."

ಊರಿಗೆಲ್ಲ ಬಿಡಿಸಿ ಬಿಡಿಸಿ ಹೇಳುವ ಡಾಕ್ಟ್ರಮ್ಮ ಚೀಲ ಇಳಿಸಿ, ಸ್ಟೂಲು ಎಳೆದು ಅವನಿಗೆ ಎದುರಾಗಿ ಕೂತಳು. ಹಾಳೆ ತೆಗೆದು, ಮುಖ ಅವನ ಕಡೆಗಿಟ್ಟು, ಮೆಲ್ಲಗೆ, ಒಂದೊಂದೇ ಸಾಲು ಓದಿದಳು. ಅಪ್ಪ ಹಣೆ ಗಂಟಿಕ್ಕಿಕೊಂಡು ಅವಳ ತುಟಿಯನ್ನೇ ನೋಡುತ್ತಿದ್ದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ.

"ಕೇಳಿಸ್ತಾ ಅಪ್ಪಾ?"

"ಇಲ್ಲ," ಎಂದ ಅಪ್ಪ. "ಮುಂದಿನ ಬಸ್ಸಿಗೆ ಹೋದ್ರಾಯ್ತು, ಕೂತ್ಕೋ."