ಖಾಲಿ ಚೌಕದಲ್ಲಿ ಒಂದು ‘ಇಲ್ಲೆ’

ಖಾಲಿ ಜಾಗ ಕಂಡರೆ ನನಗೆ ಕೈ ತುರಿಸುತ್ತದೆ. ಕುಮಟೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮನೆಗಳ ನಕ್ಷೆ ತೆಗೆಯುವುದು ನನ್ನ ಉದ್ಯೋಗ. ನಾನು ಗೋಡೆ ಎಳೆದರೆ ಸಾಕು, ಯಾವ ಕೋಣೆಗೆ ಏನೇನು ಎಂಬ ಪಟ್ಟಿಯನ್ನು ತಂತ್ರಾಂಶವೇ ಹೊಸೆದು ಕೊಡುತ್ತದೆ. ಬೇಡದ ಕಡೆ ಮಾತ್ರ ಚೌಕವನ್ನು ಖಾಲಿ ಬಿಡುತ್ತದೆ. ಅದು ‘ಬೇಡ’ ಎಂದೋ, ‘ಮರೆತೆ’ ಎಂದೋ ಯಾರಿಗೆ ಗೊತ್ತು? ಊಟದ ಎಲೆಯಲ್ಲಿ ಖಾಲಿ ಜಾಗ ಕಂಡರೆ ಬಡಿಸುವವರು ಕೇಳದೆ ಸುರಿಯುತ್ತಾರಲ್ಲ, ಮೇಸ್ತ್ರಿಗಳೂ ಹಾಗೆಯೇ. ಅದಕ್ಕೇ, ಏನೂ ಬೇಡವೆಂಬ ಗುರುತಿಗೆ, ಖಾಲಿ ಚೌಕಕ್ಕೆಲ್ಲ ತಾನಾಗಿ ಹಳದಿ ಬಣ್ಣ ಬೀಳುವಂತೆ ಒಂದು ನಿಯಮ ಹಾಕಿಟ್ಟಿದ್ದೆ. ಸೊನ್ನೆಯನ್ನು ಜಗತ್ತಿಗೆ ಕೊಟ್ಟವರು ನಾವೆಂದು ಎದೆ ಉಬ್ಬಿಸುತ್ತೇವೆ. ಕಂಡುಹಿಡಿದ ಪುಣ್ಯಾತ್ಮನೂ ಅದನ್ನು ಬರಿದೇ ಬಿಡದೆ ಸುತ್ತ ಒಂದು ಗೆರೆ ಎಳೆದ ಎಂಬುದನ್ನು ಮರೆಯುತ್ತೇವೆ.

ನನ್ನ ಸಾವಿತ್ರತ್ತೆ ಸಂತೆಗುಳಿಯಲ್ಲಿ ಮನೆ ಕಟ್ಟಿಸಲು ಹೊರಟಾಗ ಈ ಹಳದಿಗೇ ತಕರಾರು ಬಂತು. ಅತ್ತೆಯದು ಒಂದೇ ಬೇಡಿಕೆ: ಕಾಲು ಚಾಚಿ ಮಲಗಬೇಕು. ಇಷ್ಟು ವರ್ಷ ಇದ್ದ ಒಂಟಿ ಕೋಣೆಯ ಬಾಡಿಗೆ ಮನೆಯಲ್ಲಿ ಹೇಗೆ ಮಲಗಿದರೂ ಕಾಲು ದೇವರ ಕಡೆಗೇ ಹೋಗುತ್ತಿತ್ತಂತೆ. ಮುದುಡಿ ಮಲಗಿ ಮಲಗಿ ಮಂಡಿ ಹಿಡಿದುಕೊಂಡಿತ್ತು.

“ದೇವ್ರು ದೇವ್ರ ಕೋಣೇಲೇ ಇರ್ಲಿ ತಮಾ. ಯಂಗೆ ಕಾಲು ನೀಡಿ ಮಲಗವು, ಅಷ್ಟೇಯ.”

ಪಟ್ಟಿಯಲ್ಲಿ ‘ದೇವರ ಗೂಡು’ ಎಂಬ ಕಾಲಂ ಇತ್ತು. ದೇವರ ಕೋಣೆಯ ಎದುರು ‘ಒಂದು’, ಉಳಿದ ಕೋಣೆಗಳ ಎದುರೆಲ್ಲ ಹಳದಿ. ಅತ್ತೆ ಅದರ ಮೇಲೆ ಬೆರಳಿಟ್ಟಳು.

“ಇದೆಂತ, ಅರಿಶಿನ ಬಳದ್ದೆ? ಖಾಲಿ ಬಿಡಡ. ‘ಇಲ್ಲೆ’ ಹೇಳಿ ಬರಿ.”

ನಮ್ಮ ಮನೆಮಾತಿನಲ್ಲಿ ‘ಇಲ್ಲೆ’ ಎಂದರೆ ಇಲ್ಲ. ನನಗೂ ತಮಾಷೆ ಎನಿಸಿತು. ಹಳದಿ ತೆಗೆದು, ಆ ಕಾಲಮ್ಮಿನ ಖಾಲಿ ಚೌಕಗಳಲ್ಲಿ ‘ಇಲ್ಲೆ’ ಎಂದು ಮೂಡುವಂತೆ ನಿಯಮ ತಿದ್ದಿ, ಪ್ರಿಂಟ್ ತೆಗೆದು ಮೇಸ್ತ್ರಿಗೆ ಕೊಟ್ಟೆ.

ಮೇಸ್ತ್ರಿ ಇಸ್ಮಾಯಿಲ್ ಭಾಯ್ ಭಟ್ಕಳದವರು. ಮನೆಯಲ್ಲಿ ಆಡುವುದು ನವಾಯತಿ, ಓದುವುದು ಶಾಲೆಯಲ್ಲಿ ಕಲಿತ ಕನ್ನಡ. ಶಾಲೆಯ ಕನ್ನಡದಲ್ಲಿ ‘ಇಲ್ಲೆ’ ಎಂದರೆ ಇಲ್ಲಿಯೇ! ನಾನು ಹೋಗಿ ನೋಡುವಷ್ಟರಲ್ಲಿ ಜಗುಲಿ, ಅಡಿಗೆಮನೆ, ಮಲಗುವ ಕೋಣೆ, ಕೊನೆಗೆ ಬಚ್ಚಲಿನ ಗೋಡೆಯಲ್ಲೂ ಚಂದದ ಕಮಾನು ಕೊರೆದ ದೇವರ ಗೂಡು.

“ಬಚ್ಚಲಲ್ಲಿ ಎಂತಕ್ಕೆ ಭಾಯ್?”

“ನಂಗೂ ಅನುಮಾನ ಬಂತು ಸರ್. ಆದ್ರೆ ಪ್ರಿಂಟಲ್ಲೇ ಉಂಟಲ್ಲ, ಇಲ್ಲೆ ಅಂತ. ಭಕ್ತಿ ಜಾಸ್ತಿ ಇದ್ದ ಮನೆ, ನಾವೆಂತ ಹೇಳೂದು?”

ನಾನು ಅರ್ಥ ಬಿಡಿಸಿ ಹೇಳಿದೆ. ಅವರು ಹಣೆ ಚಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಹೊರಗೆ ಅತ್ತೆ ರಿಕ್ಷಾದಿಂದ ಇಳಿಯುತ್ತಿದ್ದಳು. ಕಾಲು ನೀಡಲು ಒಂದು ದಿಕ್ಕು ಕೇಳಿದವಳಿಗೆ ನಾನು ಮನೆ ತುಂಬ ದೇವರನ್ನು ಕೂರಿಸಿಕೊಟ್ಟಿದ್ದೆ.

ಎಲ್ಲ ಕೇಳಿಸಿಕೊಂಡ ಅತ್ತೆ ಬೈಯಲಿಲ್ಲ. ನೇರ ಮಲಗುವ ಕೋಣೆಗೆ ನಡೆದು, ಬರೀ ನೆಲದ ಮೇಲೆ ಕೂತು, ಹಟಕ್ಕೆ ಬಿದ್ದವಳಂತೆ ಗೂಡಿನ ಕಡೆಗೇ ಎರಡೂ ಕಾಲು ನೀಡಿದಳು.

“ಯಾರು ಎಂತ ಬೇಕಾದ್ರೂ ಓದ್ಕಳ್ಳಲಿ. ಇಲ್ಲಿ ದೇವ್ರು ಇಲ್ಲೆ!” ಎಂದು ಗಟ್ಟಿಯಾಗಿ ಸಾರಿದಳು.

ಬಾಗಿಲಲ್ಲಿ ನಿಂತಿದ್ದ ಇಸ್ಮಾಯಿಲ್ ಭಾಯ್ ಬಹಳ ವಿನಯದಿಂದ ತಲೆಯಾಡಿಸಿದರು. “ಹೌದಮ್ಮ, ಇಲ್ಲೇ.”

ಅತ್ತೆ ಅವರ ಮುಖ ನೋಡಿದಳು. ಖಾಲಿ ಗೂಡನ್ನು ನೋಡಿದಳು. ಆಮೇಲೆ ಮೆಲ್ಲಗೆ, ಒಂದೊಂದೇ ಕಾಲನ್ನು ಮಡಚಿಕೊಂಡಳು.