ಟೊರೆನ್ಸಿನ ಬೂದುಗುಂಬಳಕಾಯಿ

ಜಾವೇದ್ ಸಾಹೇಬರೇ, ಐದು ವರ್ಷದ ಹಿಂದೆ ಟೊರೆನ್ಸಿನಲ್ಲಿ ನಿಮ್ಮ ಬಿಳಿ ಕಾರಿನ ಮೇಲೆ ನಡೆದ ಆ ದಾಳಿ — ಅದನ್ನು ನಡೆಸಿದವನು ನಾನು, ನಿಮ್ಮ ಎದುರು ಮನೆಯ ಶ್ರೀಕಂಠ. ಆಯುಧ, ಆರ್ಟೀಸಿಯಾದ ನಮ್ಮವರ ದಿನಸಿ ಅಂಗಡಿಯಿಂದ ತಂದ ಒಂದು ಬೂದುಗುಂಬಳಕಾಯಿ.

ನಗಬೇಡಿ. ಅಥವಾ ನಗಿ — ಈ ವಿಷಯದಲ್ಲಿ ನಗುವ ಹಕ್ಕು ಯಾರಿಗಾದರೂ ಇದ್ದರೆ ಅದು ನಿಮಗೊಬ್ಬರಿಗೇ.

2003ರ ಆರಂಭದ ದಿನಗಳು ನಿಮಗೆ ನೆನಪಿರಲೇಬೇಕು. ನಿಮ್ಮ ರಾಜಧಾನಿಯಲ್ಲಿ ನಮ್ಮ ರಾಯಭಾರ ಕಚೇರಿಯ ನೌಕರರನ್ನು ಅಡ್ಡಗಟ್ಟಿ ಹೊಡೆದರೆಂದು ನಾವು, ನಮ್ಮ ರಾಜಧಾನಿಯಲ್ಲಿ ನಿಮ್ಮವರಿಗೆ ಹಾಗೇ ಮಾಡಿದರೆಂದು ನೀವು. ಆ ಸರ್ಕಾರ ಇಷ್ಟು ರಾಜತಾಂತ್ರಿಕರನ್ನು ಹೊರಗಟ್ಟಿದರೆ ಈ ಸರ್ಕಾರವೂ ಅಷ್ಟೇ ಜನರನ್ನು. ನಮ್ಮ ಬೀದಿ ಮಾತ್ರ ತಣ್ಣಗಿತ್ತು. ನೀವು ನಿಮ್ಮ ದೇಶದ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ಅರ್ಜಿ ನೋಡುವ ಗುಮಾಸ್ತರು, ನಾನು ವಿಮಾನದ ಬಿಡಿಭಾಗಗಳ ಡ್ರಾಯಿಂಗ್ ತಿದ್ದುವ ಎಂಜಿನಿಯರ್. ನಿಮ್ಮ ಮರಿಯಂ, ನನ್ನ ಅನಘಾ — ಇಬ್ಬರಿಗೂ ಎಂಟು ವರ್ಷ — ಕೈ ಕೈ ಹಿಡಿದು ಸ್ಕೂಲಿಗೆ ನಡೆದು ಹೋಗುತ್ತಿದ್ದರು.

ಆಗಲೇ ನಾನು ಹೊಸ ಕಾರು ಕೊಂಡೆ. ಆಗಲೇ ಬೆಂಗಳೂರಿನಿಂದ ನಮ್ಮ ಅತ್ತೆಯೂ ಬಂದಿದ್ದರು.

"ಹೊಸ ಕಾರಿಗೆ ದೃಷ್ಟಿ ತೆಗೀದೇ ಫ್ರೀವೇ ಮೇಲೆ ಓಡಿಸ್ತಾರೇನ್ರೀ? ನಿಮಗೇನಾದ್ರೂ ಆದ್ರೆ ನನ್ ಮಗಳ ಗತಿ?" ಎಂದರು. ನನ್ನ ಗತಿಯ ಬಗ್ಗೆ ಅವರಿಗೆ ಚಿಂತೆಯಿದ್ದಂತೆ ಕಾಣಲಿಲ್ಲ.

ನಮ್ಮಲ್ಲಿ ಇದಕ್ಕೊಂದು ಕ್ರಮವಿದೆ. ಬೂದುಗುಂಬಳಕಾಯಿಗೆ ತೂತು ಕೊರೆದು, ಒಳಗೆ ಕುಂಕುಮ ತುಂಬಿ, ಒಂದು ರೂಪಾಯಿ ನಾಣ್ಯ ಹಾಕಿ, ಮೇಲೆ ಕರ್ಪೂರ ಹಚ್ಚಿ ಗಾಡಿಗೆ ನಿವಾಳಿಸಬೇಕು. ಆಮೇಲೆ ಮೂರು ದಾರಿ ಕೂಡುವಲ್ಲಿ ಒಡೆಯಬೇಕು. ಒಡೆದವನು ತಿರುಗಿ ನೋಡಬಾರದು. ನಮ್ಮ ಬೀದಿಯಲ್ಲಿ ಮೂರು ದಾರಿ ಕೂಡುತ್ತಿದ್ದದ್ದು ನಿಮ್ಮ ಮನೆಯ ಮುಂದೆ.

ಬೆಳಿಗ್ಗೆ ಆರು ಗಂಟೆ, ದಟ್ಟ ಮಂಜು. ಯಾರಾದರೂ ನೋಡಿಬಿಟ್ಟಾರು ಎಂಬ ಅವಸರದಲ್ಲಿ ಕಣ್ಣು ಮುಚ್ಚಿ ಎತ್ತಿ ಅಪ್ಪಳಿಸಿದೆ. ಧಡ್ ಎಂದು ತಗಡಿಗೆ ಏನೋ ಬಡಿದ ಸದ್ದು — ಹೌದು, ಕೇಳಿಸಿತು. ಆದರೆ ಶಾಸ್ತ್ರ ಶಾಸ್ತ್ರವೇ. ತಿರುಗಿ ನೋಡದೆ ಮನೆಗೆ ಬಂದು, ಕಾಲು ತೊಳೆದುಕೊಂಡು ಉಪ್ಪಿಟ್ಟಿಗೆ ಕೂತೆ.

ಎಂಟು ಗಂಟೆಗೆ ನಿಮ್ಮ ಮನೆ ಮುಂದೆ ಪೊಲೀಸ್ ಕಾರು. ನಿಮ್ಮ ಕಾರಿನ ಬಾನೆಟ್ಟು, ಗಾಜು, ಬಾಗಿಲು ಎಲ್ಲ ಕೆಂಪು ಕೆಂಪು. ನಡುವೆ ಬಿಳಿ ತಿರುಳು, ಬೀಜ. ಆಫೀಸರ್ ಮೂಸಿ ನೋಡಿ "ಸಮ್ ಕೈಂಡ್ ಆಫ್ ಮೆಲನ್" ಎಂದು ಬರೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಆ ಗಾದೆಯನ್ನು ನಮ್ಮ ಹಿರಿಯರು ನನಗೆಂದೇ ಕಟ್ಟಿಟ್ಟಿದ್ದರು. ನನ್ನ ಕೈ ನಿಜವಾಗಿಯೂ ಅಂಗಿಯ ಮೇಲೆ ಕುಂಕುಮ ಹುಡುಕುತ್ತಿತ್ತು.

ನೀವು ಬಿಳಚಿಕೊಂಡು ನಿಂತಿದ್ದಿರಿ. ನಿಮ್ಮ ಅಂಗೈಯಲ್ಲಿ ಸಿಂಹದ ಮುದ್ರೆಯ ನನ್ನ ಒಂದು ರೂಪಾಯಿ.

"ಭಾಯಿ, ಇದು ಹುಡುಗರ ಕಿತಾಪತಿ ಅಲ್ಲ. ಯಾರು ಬಂದಿದ್ದು ಅಂತ ನಾಣ್ಯ ಇಟ್ಟೇ ಹೇಳಿ ಹೋಗಿದ್ದಾರೆ," ಎಂದಿರಿ ನಿಮ್ಮ ಉರ್ದುವಿನಲ್ಲಿ.

ಆಗ ಹೇಳಬಹುದಿತ್ತು. ಒಂದೇ ವಾಕ್ಯ — ಆದರೆ ನನ್ನ ಗ್ರೀನ್ ಕಾರ್ಡ್ ಅರ್ಜಿ ಕೊನೆಯ ಹಂತದಲ್ಲಿತ್ತು. ವಿದೇಶಿ ಕಾನ್ಸುಲೇಟ್ ನೌಕರನ ಮೇಲೆ ದಾಳಿ ಎಂಬ ಸಾಲು ನನ್ನ ಫೈಲಿನಲ್ಲಿ ಸೇರಿದಂತೆ ಕಣ್ಣಿಗೆ ಕಟ್ಟಿತು. ಕೆಟ್ಟ ಕಣ್ಣು, ಕರ್ಪೂರ, ಅತ್ತೆ — ಇಷ್ಟನ್ನೂ ಆಫೀಸರಿಗೆ ವಿವರಿಸುವ ಇಂಗ್ಲಿಷು ಮನಸ್ಸಿನಲ್ಲಿ ಅರ್ಧ ಜೋಡಿಸಿದೆ. ಬಾಯಿಂದ ಹೊರಟದ್ದು ಮಾತ್ರ, "ಛೆ, ಎಂಥಾ ಜನ ಇರ್ತಾರೆ!"

ಅಷ್ಟಕ್ಕೇ ನಿಲ್ಲಲಿಲ್ಲ ನೋಡಿ. ನಾನೇ ಪೈಪು ತಂದೆ. ನಿಮ್ಮ ಜೊತೆ ನಿಂತು ಎರಡು ಸಲ ಸೋಪು ಹಾಕಿ ಕಾರು ತೊಳೆದೆ. ಇದನ್ನೆಲ್ಲ ಕಿಟಕಿಯಿಂದ ನೋಡಿದ ಅತ್ತೆ, ನಾನು ಒಳಗೆ ಬಂದಾಗ ಸಮಾಧಾನ ಹೇಳಿದರು: "ಹೋಗ್ಲಿ ಬಿಡಿ, ಅಂತೂ ನಮ್ ಕಾರಿನ ದೃಷ್ಟಿ ಪೂರ್ತಿ ಹೋಯ್ತು. ಅವ್ರ ಕಾರಿಗೆ ತಗುಲ್ಕೊಂಡ್ತು, ಅಷ್ಟೇ."

ತಗುಲಿಕೊಂಡದ್ದು ಕಾರಿಗಲ್ಲ. ನಿಮ್ಮ ಕಚೇರಿಯವರು ಎಚ್ಚರದಿಂದಿರಲು ಹೇಳಿದರು, ನಿಮ್ಮ ಮನೆಯ ಪರದೆಗಳು ಹಗಲಲ್ಲೂ ಇಳಿದವು, ಮರಿಯಂ ಸ್ಕೂಲಿಗೆ ನಡೆದು ಹೋಗುವುದು ನಿಂತಿತು. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ನಮ್ಮವರ ಪಾಟ್‌ಲಕ್ ಊಟದಲ್ಲಿ ಒಬ್ಬರು, "ಎಲ್ಲಾ ಅವ್ರೇ ಮಾಡ್ಕೊಂಡಿರೋ ಡ್ರಾಮಾ ರೀ," ಎಂದರು. ನಾನು ಬಿಸಿಬೇಳೆಬಾತಿಗೆ ಬೂಂದಿ ಉದುರಿಸಿಕೊಳ್ಳುತ್ತಾ ತಲೆಯಾಡಿಸಿದೆ. ಕುಂಬಳಕಾಯಿಗಿಂತ ಈ ತಲೆಯಾಡಿಸಿದ್ದಕ್ಕೇ ನನಗೆ ಹೆಚ್ಚು ನಾಚಿಕೆ.

ಸ್ಕೂಲಿನ ವರ್ಷ ಮುಗಿಯುವ ಮೊದಲೇ ನೀವು ವರ್ಗ ಕೇಳಿಕೊಂಡು ಊರಿಗೆ ಹೊರಟಿರಿ. ಹೊರಡುವ ದಿನ ನನ್ನನ್ನು ತಬ್ಬಿಕೊಂಡು, "ಆವತ್ತು ಕಾರು ತೊಳೆಯೋಕೆ ಬಂದವರು ನೀವೊಬ್ಬರೇ. ಮರೆಯೋದಿಲ್ಲ ಭಾಯಿ," ಎಂದಿರಿ. ನಾನು — ನಾನೂ ತಬ್ಬಿಕೊಂಡೆ.

ನಿಮ್ಮ ಕಾರು ತಿರುವು ದಾಟಿದ ಮೇಲೆ ಅನಘಾ ಅಳುತ್ತಾ ಕೇಳಿದಳು: "ಅಪ್ಪಾ, ಹೂ ಹೇಟೆಡ್ ದೆಮ್ ಸೋ ಮಚ್?"

"ಗೊತ್ತಿಲ್ಲ ಪುಟ್ಟಿ," ಎಂದೆ.

ಯಾರೂ ದ್ವೇಷಿಸಿರಲಿಲ್ಲ, ಸಾಹೇಬರೇ. ಆ ಬೀದಿಯಲ್ಲಿ ನಿಮ್ಮನ್ನು ಒಬ್ಬರೂ ದ್ವೇಷಿಸಿರಲಿಲ್ಲ. ನೀವು ಹೆಂಡತಿ ಮಗುವನ್ನು ಕಟ್ಟಿಕೊಂಡು ಊರು ಬಿಟ್ಟದ್ದು ಇಲ್ಲದ ಶತ್ರುವಿಗೆ ಹೆದರಿ. ಆ ಶತ್ರುವನ್ನು ಇಷ್ಟು ವರ್ಷ ಜೀವಂತ ಇಟ್ಟವನು ನಾನು.

ಈಗ ನಾವು ಸ್ಯಾನ್ ಡಿಯೇಗೋದಲ್ಲಿದ್ದೇವೆ, ಕೆಲಸ ಸೊರೆಂಟೊ ವ್ಯಾಲಿಯಲ್ಲಿ. ಗ್ರೀನ್ ಕಾರ್ಡ್ ಬಂತು. ದೃಷ್ಟಿ ತೆಗೆದ ನನ್ನ ಆ ಕಾರನ್ನು ಮಾರಿದ್ದೂ ಆಯಿತು, ಒಂದು ಗೀರೂ ಬಿದ್ದಿರಲಿಲ್ಲ. ಹದಿಮೂರರ ಅನಘಾ ಮೊನ್ನೆ ಎಲ್ಲೋ ಹುಡುಕಿ ಮರಿಯಂಗೆ ಇಮೇಲ್ ಕಳಿಸಿದಳು. ಉತ್ತರವೂ ಬಂದಿದೆ. ಮರಿಯಂ ಮೊದಲ ಸಾಲಿನಲ್ಲೇ ಕೇಳಿದ್ದಾಳೆ — ಆವತ್ತು ಹಾಗೆ ಮಾಡಿದವರು ಸಿಕ್ಕಿದರಾ, ಅಂತ.

ನಿಮಗೆ ಕನ್ನಡ ಬಾರದು. ನನ್ನ ಮಗಳಿಗೆ ಕನ್ನಡ ಓದಲು ಬಾರದು. ಇದನ್ನು ಕನ್ನಡದಲ್ಲಿ ಬರೆಯಲು ಕೂತಾಗ ಈ ಎರಡೂ ನನಗೆ ಚೆನ್ನಾಗಿ ಗೊತ್ತಿದ್ದವು — ತಪ್ಪೊಪ್ಪಿಕೊಳ್ಳುವಾಗಲೂ ನಾನು ಹೇಡಿಯೇ. ಆದರೆ ಕೇಳಿದರೆ ಅವಳಿಗೆ ಎಲ್ಲ ಅರ್ಥವಾಗುತ್ತದೆ. ಮೂರೂವರೆಗೆ ಸ್ಕೂಲಿನಿಂದ ಬರುತ್ತಾಳೆ. ಎದುರಿಗೆ ಕೂರಿಸಿಕೊಂಡು, ಒಂದು ಪದವನ್ನೂ ಬಿಡದೆ ಓದಿ ಹೇಳುತ್ತೇನೆ. ಮರಿಯಂಗೆ ಉತ್ತರ ಬರೆಯಬೇಕಾದವಳು ಅವಳು. ಅಪ್ಪನ ಬಗ್ಗೆ ಏನು ಬರೆಯಬೇಕೆಂದು ಅವಳೇ ತೀರ್ಮಾನಿಸಲಿ.