ಹಿಂಬಾಗಿಲಿನಾಚೆಯ ನೆಲ

ಬನ್ನಂಜೆಯ ನಮ್ಮ ಅಡುಗೆಮನೆಗೆ ಒಂದು ಹಿಂಬಾಗಿಲಿದೆ. ದಾಟಿದರೆ ಒಂದೇ ಮೆಟ್ಟಿಲು, ಆಮೇಲೆ ಬಟ್ಟೆ ಒಗೆಯುವ ಕಲ್ಲು, ಬಸಳೆ ಚಪ್ಪರ. ನಡೆಯಲು ಕಲಿತಂದಿನಿಂದ ಈ ದಾರಿಯಲ್ಲಿ ಓಡಾಡಿದ ನಾನು ಈಚೆಗೆ ಹೊಸ್ತಿಲಲ್ಲಿ ನಿಂತು, ಬಾಗಿಲಿನ ದಾರಂದವನ್ನು ಹಿಡಿದು, ಕೆಳಗೆ ನೆಲವಿದೆಯೇ ಎಂದು ಬಗ್ಗಿ ನೋಡಿಯೇ ಕಾಲಿಡತೊಡಗಿದೆ. ಮಂಡಿನೋವಿರಬೇಕೆಂದು ಹೆಂಡತಿ ಎಣ್ಣೆ ತಂದುಕೊಟ್ಟಳು. ತಂದದ್ದು ವ್ಯರ್ಥವಾಗಬಾರದೆಂದು ಹಚ್ಚಿಕೊಂಡೆ. ಆದರೆ ನನ್ನ ವ್ಯಾಧಿಯ ಮೂಲ ಮಂಡಿಯಲ್ಲಿಲ್ಲ, ದುಬೈಯಲ್ಲಿದೆ.

ನನ್ನ ದೊಡ್ಡಮ್ಮನ ಮಗಳು ಜಲಜಕ್ಕ ಅಲ್ಲಿ ಶಾಲೆಯ ಟೀಚರು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಕರಿಬೇವಿನ ಕುಂಡ ಹೊತ್ತು ಅಲೆದು ಸಾಕಾಗಿ, ನಿವೃತ್ತಿಗೆ ಮುಂಚೆ ಒಂದಾದರೂ ಸ್ವಂತ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಬೇಕೆಂದು ಹಟ ತೊಟ್ಟಿದ್ದಳು. ಆ ಊರಿನ ಕೆಲವು ಬಡಾವಣೆಗಳಲ್ಲಿ ಪರದೇಶದವರೂ ಪೂರ್ಣ ಹಕ್ಕಿನಿಂದ ಮನೆ ಕೊಳ್ಳಬಹುದು. ನಾನು ಪ್ರವಾಸಕ್ಕೆಂದು ಹೋದವನು. ಅರ್ಥಶಾಸ್ತ್ರ ಓದಿದವನೆಂಬ ಏಕೈಕ ಅಪರಾಧಕ್ಕಾಗಿ ಆಕೆಯ ಸಲಹೆಗಾರನಾದೆ. ಮನೆ ತೋರಿಸುವ ದಲ್ಲಾಳಿ ಕಾಪುವಿನ ಅಶ್ರಫ್. ಊರಿನವನೆಂದು ಗೊತ್ತಾದ ಮೇಲೆ ಅಕ್ಕ ಅವನ ಮಾತನ್ನು ಅರ್ಧ ನಂಬಿದಳು, ಉಳಿದರ್ಧವನ್ನು ಊರಿನವನೆಂಬ ಕಾರಣಕ್ಕೇ ನಂಬಲಿಲ್ಲ.

ಕಟ್ಟಡ ಇನ್ನೂ ಮುಗಿದಿರಲಿಲ್ಲ. ತಲೆಗೆ ಹೆಲ್ಮೆಟ್ಟು, ಮೈಗೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಯಾರ ಮೇಲೋ ಯುದ್ಧಕ್ಕೆ ಹೊರಟವರಂತೆ ಹದಿನಾಲ್ಕನೆಯ ಮಹಡಿಗೇರಿದೆವು. ನಡುಮನೆಯಿಂದ ಸಮುದ್ರ ಕಾಣುತ್ತಿತ್ತು.

"ಸಮುದ್ರ ನೋಡಿ ಅಕ್ಕ, ನಮ್ಮ ಕಾಪುವಿನ ಹಾಗೆಯೇ ಉಂಟಲ್ವಾ?" ಎಂದ ಅಶ್ರಫ್.

"ಸಮುದ್ರ ನೋಡಲು ಕಾಪುವೇ ಸಾಕು ಮಾರಾಯ. ಅಡುಗೆಮನೆ ತೋರಿಸು" ಎಂದಳು ಅಕ್ಕ.

ನಮ್ಮ ಕಡೆ ಮನೆ ನೋಡುವುದಕ್ಕೆ ಒಂದು ಕ್ರಮವಿದೆ. ಮುಂಬಾಗಿಲು ನೆಂಟರಿಗೆ, ಮನೆಯ ಜೀವನವೆಲ್ಲ ಹಿಂಬಾಗಿಲಿನದು. ಮೀನಿನವಳು ಕೂಗುವುದು ಅಲ್ಲಿ, ಪಕ್ಕದ ಮನೆಯವರು ಮಜ್ಜಿಗೆ ಕೇಳುವುದು ಅಲ್ಲಿ, ಅತ್ತೆಯ ಮೇಲಿನ ದೂರು ಅತ್ತೆಗೆ ಕೇಳದಂತೆ ಹೊರಹೋಗುವುದೂ ಅಲ್ಲಿಂದಲೇ. ಆದ್ದರಿಂದ ಅಡುಗೆಮನೆಯಿಂದ ಹಿತ್ತಲಿಗಿಳಿದು, ಮನೆಯನ್ನು ಒಮ್ಮೆ ಹಿಂದಿನಿಂದ ನೋಡಿದ ಹೊರತು ನಮ್ಮ ಹೆಂಗಸರು ಒಪ್ಪಿಗೆ ಕೊಡುವುದಿಲ್ಲ.

ನಾನು ಕಿಟಕಿಯ ಬಳಿ ನಿಂತು, ಅಶ್ರಫ್ ಕೊಟ್ಟ ಕಾಗದಪತ್ರದಲ್ಲಿ, ಖರೀದಿಯಲ್ಲಿ ಸಂಭವಿಸಬಹುದಾದ ಅಪಾಯಗಳ ಪುಟವನ್ನು ಗಂಭೀರವಾಗಿ ಓದುತ್ತಿದ್ದೆ. ನಾಣ್ಯದ ಬೆಲೆ ಕುಸಿಯಬಹುದು, ಕಟ್ಟಡ ಮುಗಿಯಲು ತಡವಾಗಬಹುದು ಎಂದೆಲ್ಲ ಇತ್ತು. ತಲೆಯೆತ್ತಿದಾಗ ಜಲಜಕ್ಕ ಅಡುಗೆಮನೆಯ ಕೊನೆಯಲ್ಲಿ ಒಂದು ಪ್ಲೈವುಡ್ ಹಲಗೆಯನ್ನು ಸಲೀಸಾಗಿ ಬದಿಗೆ ಸರಿಸುತ್ತಿದ್ದಳು. ಕೆಳಗಿನಿಂದ ಸಾಮಾನು ಏರಿಸಿಕೊಳ್ಳಲು ಗೋಡೆಯಲ್ಲಿ ಬಿಟ್ಟಿದ್ದ ತೆರಪು ಅದು. ಆಚೆ ಮೆಟ್ಟಿಲಿಲ್ಲ, ಕಲ್ಲಿಲ್ಲ, ಬಸಳೆಯಿಲ್ಲ, ಬರೀ ಬಿಸಿಲು. ಅವಳ ಕಣ್ಣು ಇನ್ನೂ ಒಳಗಿನ ಒಲೆಕಟ್ಟೆಯ ಮೇಲೆಯೇ ಇತ್ತು. ಹಿತ್ತಲಿಗೆ ಇಳಿಯುವವರು ಯಾರು ತಾನೇ ಕೆಳಗೆ ನೋಡುತ್ತಾರೆ? ಬಲಗಾಲು ಮೇಲೆದ್ದಿತು.

ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅಶ್ರಫ್ ಹಾರಿದ. ಜಾಕೆಟ್ಟಿನ ಬೆನ್ನು ಅವನ ಮುಷ್ಟಿಗೆ ಸಿಕ್ಕಿತು. ಅಕ್ಕ ಅವನ ಮೇಲೆ, ಅವನು ಸಿಮೆಂಟ್ ಮೂಟೆಯ ಮೇಲೆ ಬಿದ್ದರು. ಒಂದು ಚಪ್ಪಲಿ ಮಾತ್ರ ಕೆಳಗಿಳಿಯಿತು. ಅದು ನೆಲ ಮುಟ್ಟಿದ ಸದ್ದೂ ನಮಗೆ ಕೇಳಲಿಲ್ಲ. ಆ ಕೇಳದ ಸದ್ದು ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಅಶ್ರಫ್ ಎದ್ದು ಹಲಗೆಯನ್ನು ಮತ್ತೆ ತೆರಪಿಗೆ ಅಡ್ಡ ಇಟ್ಟ. ಆಮೇಲೆ ಮೈತುಂಬ ಸಿಮೆಂಟ್ ಧೂಳು ಬಳಿದುಕೊಂಡಿದ್ದ ಅಕ್ಕ, "ಎಂತದು, ಈ ಅಡುಗೆಮನೆಗೆ ಹಿಂಬಾಗಿಲೇ ಇಲ್ವಾ?" ಎಂದು ಕೇಳಿದಳು.

"ಇಲ್ಲ ಅಕ್ಕ."

"ಮತ್ತೆ ಮೀನು ಎಲ್ಲಿ ಕೊಯ್ಯುವುದು?"

ಅಶ್ರಫ್‌ಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಣ್ಣೊರೆಸಿಕೊಂಡು, ಬೆಳಗಿನಿಂದ ಹೊಗಳಿದ್ದನ್ನೆಲ್ಲ ಒಂದೇ ಮಾತಿನಲ್ಲಿ ಹಿಂತೆಗೆದುಕೊಂಡ: "ಈ ಮನೆ ನಿಮಗೆ ಬೇಡ ಅಕ್ಕ. ಬನ್ನಿ, ಬೇರೊಂದು ತೋರಿಸ್ತೇನೆ."

ಆ ಬೇರೊಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಸಮುದ್ರ ಕಾಣುತ್ತಿರಲಿಲ್ಲ, ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು. ಆದರೆ ಅಡುಗೆಮನೆಯಿಂದ ಒಂದು ಬಾಗಿಲು ತೆರೆದುಕೊಂಡು, ಆಚೆ ಒಬ್ಬರು ಕೂರುವಷ್ಟು ಬಾಲ್ಕನಿಯಿತ್ತು. ಬಾಲ್ಕನಿಯ ನೆಲವನ್ನು ಅಶ್ರಫ್ ತಾನೇ ಮೊದಲು ತುಳಿದು, ಕುಣಿದು ಪರೀಕ್ಷಿಸಿದ. ಅಕ್ಕ ಒಂಟಿ ಚಪ್ಪಲಿಯನ್ನು ಕಳಚಿಟ್ಟು ಬರಿಗಾಲಲ್ಲಿ ಹೊರಗೆ ಹೋಗಿ ಕುಳಿತವಳು, ನಾವು ಎಷ್ಟು ಕರೆದರೂ ಏಳಲಿಲ್ಲ. "ಕರಿಬೇವು ಈ ಮೂಲೆಗೆ" ಎಂದಳು. ನನ್ನ ಅರ್ಥಶಾಸ್ತ್ರಕ್ಕೆ ಕೆಲಸವೇ ಉಳಿಯಲಿಲ್ಲ.

ಮೊನ್ನೆ ರಜೆಗೆ ಊರಿಗೆ ಬಂದ ಅಕ್ಕ ನಮ್ಮಲ್ಲಿಗೆ ಬೂತಾಯಿ ಮೀನಿನ ಚೀಲದೊಡನೆ ಬಂದು, ಸೀದಾ ಹಿಂಬಾಗಿಲಿಗೆ ನಡೆದಳು. ನನಗರಿವಿಲ್ಲದೆ ಅವಳ ಸೆರಗು ಹಿಡಿದೆ. ಅಕ್ಕ ತಿರುಗಿ ನಕ್ಕಳು.

"ಬಿಡು ಮಾರಾಯ, ಇಲ್ಲಿ ಕೆಳಗೆ ನೆಲ ಉಂಟು."

ಬಿಟ್ಟೆ. ಅವಳು ನೋಡದೆಯೇ ಇಳಿದಳು. ನಾನು ಈಗಲೂ ಬಗ್ಗಿ ನೋಡಿಯೇ ಇಳಿಯುತ್ತೇನೆ, ಆದರೆ ದಾರಂದ ಹಿಡಿಯುವುದನ್ನು ಬಿಟ್ಟಿದ್ದೇನೆ. ಪಾಚಿ ಹಿಡಿದ ಮೆಟ್ಟಿಲು, ಮೀನಿನ ತಲೆಗೆ ಕಾದು ಕುಳಿತ ಬೆಕ್ಕು, ಬಸಳೆಯ ನೆರಳು ಎಲ್ಲವೂ ಅದರದರ ಜಾಗದಲ್ಲಿರುತ್ತವೆ. ಇದ್ದದ್ದು ಇದ್ದಲ್ಲೇ ಇದೆಯೆಂದು ದಿನಕ್ಕೊಮ್ಮೆ ನೋಡಿ ಸಂತೋಷಪಡಲು ನನಗೆ ಅಷ್ಟು ದೂರ ಹೋಗಿ ಬರಬೇಕಾಯಿತು.